ಇಪ್ಪತ್ತೇಳನೇ ಕ್ಲಿಪ್ಪು

ನಮ್ಮ ಬಸ್ ಡಿಪೋದ ಪಾಳಿ ಹಲಗೆಯ ಕೆಳಗೆ ಒಂದು ದಾರ ಕಟ್ಟಿದೆ. ದಾರದ ತುಂಬ ಬಟ್ಟೆ ಒಣಹಾಕುವ ಮರದ ಕ್ಲಿಪ್ಪುಗಳು, ಒಂದೊಂದರ ಮೇಲೂ ಒಬ್ಬೊಬ್ಬ ಡ್ರೈವರಿನ ಸಂಖ್ಯೆ. ಮೂವತ್ತೆರಡು ವರ್ಷದ ಹಿಂದೆ ಆ ದಾರ ಕಟ್ಟಿದವಳು ನಾನೇ. ಆಗ ನಾನು ಅಲ್ಲಿ ಪಾಳಿ ಬರೆಯುವ ಗುಮಾಸ್ತೆ. ಐದು ಜನ ಹೆಂಗಸರು ಹೊಸದಾಗಿ ಬಸ್ಸು ಓಡಿಸಲು ಸೇರಿದ್ದರು. ಡಿಪೋದಿಂದ ಹೊರಡುವ ದಾರಿಗಳಲ್ಲಿ ಎರಡು ಬಗೆ. ಒಂದು ‘ಸುತ್ತು’, ನಲವತ್ತು ನಿಮಿಷಕ್ಕೊಮ್ಮೆ ಡಿಪೋಗೇ ವಾಪಸು ಬರುವುದು. ಇನ್ನೊಂದು ‘ಉದ್ದ’, ಹೋಗಲು ಎರಡೂವರೆ ಗಂಟೆ, ಬರಲು ಎರಡೂವರೆ ಗಂಟೆ, ನಡುವೆ ಎಲ್ಲಿಯೂ ಶೌಚಾಲಯವಿಲ್ಲ. ಮುಟ್ಟಿನ ದಿನ ಉದ್ದಕ್ಕೆ ಹೋಗುವುದೆಂದರೆ ಏನೆಂದು ಆ ಐವರಲ್ಲಿ ಒಬ್ಬಳು ನನ್ನ ಮೇಜಿನ ಮುಂದೆ ನಿಂತು ಹೇಳಲಾರದೆ ಹೇಳಿದಳು. ಮರುದಿನ ಮನೆಯ ಹಗ್ಗದಿಂದ ಐದು ಕ್ಲಿಪ್ಪು ತೆಗೆದುಕೊಂಡು ಹೋದೆ. ಬೇಕಾದವಳು ತನ್ನ ಕ್ಲಿಪ್ಪನ್ನು ದಾರದಿಂದ ತೆಗೆದು ಹಲಗೆಯ ಮೇಲೆ ತನ್ನ ಸಾಲಿಗೆ ಸಿಕ್ಕಿಸುವುದು. ಬೇರೆ ಯಾರಾದರೂ ಅದರ ಪಕ್ಕ ತಮ್ಮ ಸಂಖ್ಯೆ ಬರೆದು ಅವಳ ಉದ್ದವನ್ನು ತಾವು ವಹಿಸಿಕೊಂಡು ತಮ್ಮ ಸುತ್ತನ್ನು ಅವಳಿಗೆ ಬಿಡುವುದು. ನಿಯಮ ಒಂದೇ, ಕಾರಣ ಕೇಳುವಂತಿಲ್ಲ.

ಗಂಡಸರು ಮೊದಲ ವರ್ಷ ಗೊಣಗಿದರು. ಎರಡನೇ ವರ್ಷ ಮೂತ್ರಕೋಶದಲ್ಲಿ ಕಲ್ಲಾಗಿದ್ದ ಹಿರಿಯ ಡ್ರೈವರೊಬ್ಬರು ನನ್ನ ಮೇಜಿನ ಬಳಿ ಬಂದು, “ಅಮ್ಮಾ, ನನಗೂ ಒಂದು ಕ್ಲಿಪ್ಪು ಸಿಗುತ್ತಾ?” ಎಂದು ಮೆಲ್ಲಗೆ ಕೇಳಿದರು. ಕೊಟ್ಟೆ. ನಾನು ಕಾರಣ ಕೇಳಲಿಲ್ಲ, ಅವರೇ ಅರ್ಧ ಗಂಟೆ ಹೇಳಿದರು. ಅಂದಿನಿಂದ ಎಲ್ಲರಿಗೂ ಕ್ಲಿಪ್ಪು ಬಂತು.

ನಾನು ನಿವೃತ್ತಳಾಗಿ ಎಂಟು ವರ್ಷ. ನಾಲ್ಕು ವರ್ಷದಿಂದ ನನ್ನ ತಂಗಿಯ ಮಗಳು ಅದೇ ಡಿಪೋದಲ್ಲಿ ಡ್ರೈವರ್. ಅವಳದು ಇಪ್ಪತ್ತೇಳನೇ ಸಂಖ್ಯೆ. ಅಲ್ಲಿ ಅವಳನ್ನು ಎಲ್ಲರೂ ಇಪ್ಪತ್ತೇಳು ಎಂದೇ ಕರೆಯುತ್ತಾರೆ, ನಾನು ಮರಿ ಎನ್ನುತ್ತೇನೆ. ಅವಳೂ ಅವಳ ಗಂಡನೂ ನಮ್ಮ ಮನೆಯ ಮಹಡಿಯ ಎರಡು ಕೋಣೆಗಳಲ್ಲಿದ್ದಾರೆ. ಅಳಿಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವನು. ಮದುವೆಯಾಗಿ ಐದು ವರ್ಷ, ಮಗು ಬೇಕೆಂಬುದು ಇಬ್ಬರಿಗೂ ಮನಸ್ಸಿನಲ್ಲಿತ್ತು. ಆ ಮಾತನ್ನು ಅವರು ಎತ್ತುತ್ತಿರಲಿಲ್ಲ, ನಾನೂ ಎತ್ತುತ್ತಿರಲಿಲ್ಲ.

ಡಿಪೋದ ವಿಶ್ರಾಂತಿ ಕೋಣೆಯಲ್ಲಿ ಒಂದು ಪುಸ್ತಕದ ಕಪಾಟಿದೆ. ಅದರ ಪುಸ್ತಕ ಬದಲಾಯಿಸಲು ತಿಂಗಳಿಗೊಮ್ಮೆ ಹೋಗುವುದು ನಾನು ಬಿಡದ ಅಭ್ಯಾಸ. ಹೋದಾಗ ದಾರದ ಕಡೆ ಕಣ್ಣು ಹೋಗದೆ ಇರುವುದಿಲ್ಲ. ಗ್ರೀಸು, ಡೀಸೆಲ್ಲು ಮೆತ್ತಿದ ಕೈಗಳಲ್ಲಿ ತಿರುಗಿ ತಿರುಗಿ ಕ್ಲಿಪ್ಪುಗಳ ತುದಿ ಕಪ್ಪಾಗಿರುತ್ತದೆ. ಇಪ್ಪತ್ತೇಳರದು ಮಾತ್ರ ಅಂಗಡಿಯಿಂದ ಈಗ ತಂದಂತೆ ಬೆಳ್ಳಗಿತ್ತು. ಅವಳು ಅದನ್ನು ಮೇಲೇರಿಸುತ್ತಲೇ ಇರಲಿಲ್ಲ. ಬೇರೆಯವರ ಕ್ಲಿಪ್ಪಿನ ಪಕ್ಕದಲ್ಲೆಲ್ಲ ಅವಳ ಸಂಖ್ಯೆ.

“ನಿನ್ನ ಮಗಳಿಗೆ ದೇವರು ಬೇರೆ ಇಂಜಿನ್ನು ಹಾಕಿದ್ದಾನೆ ಕಣಕ್ಕ,” ಎಂದು ಹಾರ್ನಕ್ಕ ಒಮ್ಮೆ ಹೇಳಿದ್ದಳು. ಹಾರ್ನಕ್ಕ ಮೊದಲ ಐವರಲ್ಲಿ ಉಳಿದಿರುವ ಒಬ್ಬಳು. ಸೇರುವಾಗ ಇಪ್ಪತ್ತರ ಹುಡುಗಿ, ಇನ್ನೆಂಟು ವರ್ಷಕ್ಕೆ ನಿವೃತ್ತಿ. ಆಕೆ ಪಿಸುಗುಟ್ಟಿದರೆ ಎರಡನೇ ಶೆಡ್ಡಿಗೆ ಕೇಳುತ್ತದೆ. “ನಮಗೆಲ್ಲ ತಿಂಗಳಿಗೆ ಮೂರು ದಿನ ಗ್ಯಾರೇಜು. ಇವಳು ಗ್ಯಾರೇಜಿಗೇ ಬರಲ್ಲ.”

ನಾನು ಹೆಮ್ಮೆಪಟ್ಟೆ. ಅದನ್ನು ಮುಚ್ಚಿಡುವುದಿಲ್ಲ. ಇನ್ನೊಬ್ಬರ ಕಷ್ಟಕ್ಕೆ ಹೆಗಲು ಕೊಡುವ ಹುಡುಗಿ ಎಂದು ಆ ಬಿಳಿ ಕ್ಲಿಪ್ಪನ್ನು ನೋಡಿ ಎಷ್ಟು ಸಲ ಸಂತೋಷಪಟ್ಟೆನೋ. ಡಿಪೋದವರು ವರ್ಷದ ಕೊನೆಗೆ ಅವಳಿಗೆ ಒಂದು ಫ್ಲಾಸ್ಕು ಉಡುಗೊರೆ ಕೊಟ್ಟರು, ಅತಿ ಹೆಚ್ಚು ಉದ್ದ ಓಡಿಸಿದ್ದಕ್ಕೆ. ಕಾಲೇಜಿನಲ್ಲಿ ಜೀವಶಾಸ್ತ್ರ ಓದಿ ಪಾಸು ಮಾಡಿದವಳು ನಾನು. ಮೂವತ್ತೊಂದು ವರ್ಷದ ಹೆಂಗಸಿಗೆ ಆ ಕ್ಲಿಪ್ಪು ಯಾಕೆ ಬೇಕಾಗುತ್ತಿಲ್ಲ ಎಂಬ ಪ್ರಶ್ನೆ ನನಗೆ ಹೊಳೆಯಲಿಲ್ಲ.

ಹೊಳೆದದ್ದು ಒಂದು ಮಂಗಳವಾರ. ಅಂದು ಅವಳು ಇನ್ನೊಬ್ಬಳ ಬದಲಿಗೆ ಉದ್ದದಲ್ಲಿದ್ದಳು. ಕೊನೆಯ ನಿಲ್ದಾಣ ಇನ್ನೂ ಒಂದು ಗಂಟೆ ದೂರವಿರುವಾಗ ರಕ್ತಸ್ರಾವ ಶುರುವಾಯಿತು. ಏಳು ತಿಂಗಳಿಂದ ಕಾಣದಿದ್ದ ಮುಟ್ಟು ಒಂದೇ ಸಲಕ್ಕೆ ಬಂದಂತೆ ಬಂತು. ಅವಳು ಗಾಡಿಯನ್ನು ಮುಂದಿನ ನಿಲ್ದಾಣದವರೆಗೆ ಓಡಿಸಿ, ರಸ್ತೆಯ ಅಂಚಿಗೆ ಸರಿಯಾಗಿ ನಿಲ್ಲಿಸಿ, ಕೈಬ್ರೇಕು ಎಳೆದು, ದೀಪ ಮಿಣುಕಿಸಿ, ಆಮೇಲೆ ಡಿಪೋಗೆ ಫೋನು ಮಾಡಿದಳು. ಸೀಟಿನಿಂದ ಏಳಲು ಆಗಲಿಲ್ಲ. ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ವಯಸ್ಸಾದ ಗೃಹಸ್ಥ ವಿಷಯ ಅರ್ಥಮಾಡಿಕೊಂಡು, ತನ್ನ ಕೈಯ ಪತ್ರಿಕೆಯನ್ನು ಹಾಳೆ ಹಾಳೆಯಾಗಿ ಮಡಿಸಿ ಅವಳಿಗೆ ಕೊಟ್ಟು, ಮೇಲಂಗಿ ಬಿಚ್ಚಿ ಅವಳ ಸೀಟಿನ ಹಿಂಬದಿಗೆ ಪರದೆಯಂತೆ ತೂಗುಹಾಕಿ, ಬೇರೆ ಗಾಡಿ ಬರುವವರೆಗೆ ಮುಖವನ್ನು ಕಿಟಕಿಯ ಕಡೆಗೇ ತಿರುಗಿಸಿ ಕೂತಿದ್ದನಂತೆ. ಅವನ ಹೆಸರು ಅವಳು ಕೇಳಲಿಲ್ಲ. ಮೇಲಂಗಿ ಒಗೆದು ಇಸ್ತ್ರಿ ಮಾಡಿ ಇಟ್ಟಿದ್ದೇವೆ, ಕೇಳಿಕೊಂಡು ಯಾರೂ ಬಂದಿಲ್ಲ.

ಆಸ್ಪತ್ರೆಗೆ ನಾನೂ ಅಳಿಯನೂ ಹೋದೆವು. ಡಾಕ್ಟರು ಕುಳ್ಳಗಿನ ಹೆಂಗಸು, ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ. ಸ್ಕ್ಯಾನಿನ ಚಿತ್ರ ನೋಡಿ, ಮರಿಯ ಕುತ್ತಿಗೆಯ ಹಿಂಭಾಗದ ಕೂದಲನ್ನು ಸರಿಸಿ ನೋಡಿದರು. ಅಲ್ಲಿ ಕಪ್ಪಗೆ, ಮಕಮಲ್ಲಿನಂತೆ ದಪ್ಪಗಾದ ಒಂದು ಪಟ್ಟಿ.

“ಇದು ಯಾವಾಗಿಂದ?”

“ಯೂನಿಫಾರ್ಮಿನ ಕಾಲರ್ ಉಜ್ಜಿ ಆಗಿದ್ದು, ಡಾಕ್ಟ್ರೇ. ಎಷ್ಟು ತಿಕ್ಕಿದ್ರೂ ಹೋಗಲ್ಲ.”

“ತಿಕ್ಕಬೇಡಿ. ಅದು ಕೊಳೆ ಅಲ್ಲ. ಗದ್ದದ ಮೇಲೆ ಕೂದಲು?”

“ಬಸ್ಸಿನ ಕನ್ನಡಿ ದೊಡ್ಡದಿರುತ್ತಲ್ಲ, ಅದರಲ್ಲಿ ನೋಡಿಕೊಂಡು ಕಿತ್ತು ಹಾಕ್ತೀನಿ.”

“ಮುಟ್ಟು ಯಾವತ್ತಿಂದ ಹೀಗೆ?”

“ಹದಿನಾರರಿಂದಲೇ ಮೂರು ತಿಂಗಳಿಗೊಮ್ಮೆ, ನಾಲ್ಕು ತಿಂಗಳಿಗೊಮ್ಮೆ. ಈಚೆಗೆ ಇನ್ನೂ ದೂರ. ಬಂದಾಗ ರಜೆ ಹಾಕಿಬಿಡ್ತಿದ್ದೆ. ನನ್ನ ಮೈ ಗುಣವೇ ಹಾಗೆ ಅಂದ್ಕೊಂಡೆ. ನಿಜ ಹೇಳ್ಬೇಕಂದ್ರೆ ಅನುಕೂಲವೇ ಆಗಿತ್ತು. ಉದ್ದ ಓಡಿಸೋಕೆ. ಡಿಪೋದಲ್ಲಿ ಪ್ರತಿ ವರ್ಷ ರಕ್ತ ಪರೀಕ್ಷೆ ಮಾಡ್ತಾರೆ. ಸಕ್ಕರೆ ಸರಿಯಾಗೇ ಇದೆ ಅಂತಾರೆ.”

“ಸಕ್ಕರೆ ಸರಿ ಇದೆ. ಅದನ್ನ ಸರಿ ಇಡೋಕೆ ನಿಮ್ಮ ಮೈ ಎಷ್ಟು ಇನ್ಸುಲಿನ್ ಸುರೀತಿದೆ ಅಂತ ಯಾರೂ ನೋಡಿಲ್ಲ. ಇವತ್ತು ನೋಡಿಸಿದೆ. ಇರಬೇಕಾದ್ದಕ್ಕಿಂತ ಮೂರು ಪಟ್ಟು.”

ಆಮೇಲೆ ಡಾಕ್ಟರು ಒಂದು ಹಳೆಯ ಫಾರಮಿನ ಬೆನ್ನಿನ ಮೇಲೆ ಚಿತ್ರ ಬರೆಯುತ್ತ ವಿವರಿಸಿದರು. ಮರಿಗಿರುವುದು ಪಿಸಿಓಎಸ್ ಎಂಬ ಅಂಡಾಶಯದ ತೊಂದರೆ, ಅದರಲ್ಲಿ ಬಹಳ ಜನರಿಗೆ ಹೀಗಾಗುತ್ತದಂತೆ. ಸಕ್ಕರೆಯನ್ನು ಒಳಗೆ ಬಿಟ್ಟುಕೊಳ್ಳಿ ಎಂದು ಇನ್ಸುಲಿನ್ ಹೇಳಿದರೆ ಮಾಂಸಖಂಡಗಳು ಬೇಗ ಕಿವಿಗೊಡುವುದಿಲ್ಲ. ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಕಳಿಸುತ್ತದೆ. ಹಾಗೆ ಹೆಚ್ಚಾದದ್ದು ಮಾತ್ರ ಅಂಡಾಶಯಕ್ಕೆ ಚೆನ್ನಾಗಿ ಕೇಳಿಸುತ್ತದೆ.

“ನಮ್ಮ ಗೇಟ್ ತಾತನ ಥರ,” ಎಂದಳು ಮರಿ.

ಡಾಕ್ಟರು ಪೆನ್ನು ನಿಲ್ಲಿಸಿದರು.

“ಡಿಪೋ ಗೇಟು ಕಾಯೋ ತಾತನಿಗೆ ಕಿವಿ ಮಂದ. ನಾವು ಹಾರ್ನು ಹೊಡೀತೀವಿ, ಅವನಿಗೆ ಕೇಳಲ್ಲ. ಇನ್ನೂ ಜೋರಾಗಿ ಹೊಡೀತೀವಿ. ಕೊನೆಗೆ ಗೇಟು ತೆಗೀತಾನೆ, ಅಷ್ಟೊತ್ತಿಗೆ ಎದುರು ಮನೆ ಮಕ್ಕಳೆಲ್ಲ ಎದ್ದು ಅಳ್ತಿರ್ತಾವೆ.”

“ಅಷ್ಟೇ ವಿಷಯ,” ಎಂದರು ಡಾಕ್ಟರು. “ಗೇಟು ತೆಗೆದಿದೆ, ಸಕ್ಕರೆ ಸರಿ ಇದೆ. ಆದರೆ ಎದುರು ಮನೇಲಿ ಗಲಾಟೆ. ಅಂಡಾಶಯ ಗಂಡು ಹಾರ್ಮೋನು ಜಾಸ್ತಿ ಮಾಡುತ್ತೆ, ಅಂಡ ಬಲಿತು ಹೊರಗೆ ಬರಲ್ಲ. ಅಂಡ ಹೊರಗೆ ಬಂದ ಮೇಲೆ ತಾನೇ ಗರ್ಭಕೋಶದ ಒಳಪದರಕ್ಕೆ ‘ಸಾಕು, ಇನ್ನು ಬೆಳೀಬೇಡ’ ಅನ್ನೋ ಹಾರ್ಮೋನು ಬರೋದು. ಅದು ಬರಲಿಲ್ಲ. ಪದರ ಬೆಳೀತಾನೇ ಹೋಯ್ತು. ಇನ್ಸುಲಿನ್ ಕೂಡ ಅದಕ್ಕೆ ಬೆಳೀ ಬೆಳೀ ಅಂತ ಕುಮ್ಮಕ್ಕು ಕೊಡುತ್ತೆ. ಮುಟ್ಟು ಬರಲಿಲ್ಲ ಅಂದ್ರೆ ಒಳಗೆ ಕೆಲಸ ನಡೀತಿಲ್ಲ ಅಂತ ಅಂದ್ಕೊಂಡ್ರಿ. ಕಟ್ಟೋ ಕೆಲಸ ನಡೀತಿತ್ತು, ಕೆಡವೋ ಕೆಲಸ ನಿಂತಿತ್ತು.”

ಪದರ ಹತ್ತೊಂಬತ್ತು ಮಿಲಿಮೀಟರು ದಪ್ಪವಾಗಿತ್ತು. ಅದರ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ಬರೀ ದಪ್ಪವಾಗಿದ್ದರೆ ಮಾತ್ರೆಯಲ್ಲಿ ಸರಿಹೋಗುವುದೇ ಹೆಚ್ಚು. ಜೀವಕೋಶಗಳ ರೂಪವೇ ಕೆಡಲು ಶುರುವಾಗಿದ್ದರೆ ಅದು ಕ್ಯಾನ್ಸರಿನ ಬಾಗಿಲು, ಗರ್ಭಕೋಶ ತೆಗೆಯುವ ಮಾತು ಬರಬಹುದು. ಡಾಕ್ಟರು ಇದನ್ನು ಸುತ್ತಿ ಬಳಸದೆ ಹೇಳಿದರು. ಹೇಳುವಾಗ ಮಾತ್ರ ಕುರ್ಚಿಯಿಂದ ಇಳಿದು ಬಂದು ಮರಿಯ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದರು.

ಚೂರು ತೆಗೆಯುವಾಗ ನಮ್ಮನ್ನು ಹೊರಗೆ ಕಳಿಸಿದರು. ಅಳಿಯನಿಗೆ ಸುಮ್ಮನೆ ಕೂರಲಾಗಲಿಲ್ಲ. ಎದುರು ಬೆಂಚಿನ ಮುದುಕಿಯೊಬ್ಬಳ ಕನ್ನಡಕದ ಕಾಲು ಸಡಿಲವಾಗಿದ್ದುದು ಅವನ ಕಣ್ಣಿಗೆ ಬಿತ್ತು. ಜೇಬಿನಿಂದ ಬೆರಳುದ್ದದ ತಿರುಪುಳಿ ತೆಗೆದು ಬಿಗಿದುಕೊಟ್ಟ. ಅದನ್ನು ನೋಡಿ ಇನ್ನೊಬ್ಬರು ತಮ್ಮದನ್ನು ಕೊಟ್ಟರು, ಆಮೇಲೆ ಮತ್ತೊಬ್ಬರು. ಮರಿ ಹೊಟ್ಟೆ ಹಿಡಿದುಕೊಂಡು ಹೊರಗೆ ಬರುವಷ್ಟರಲ್ಲಿ ಅವನ ಮಡಿಲಲ್ಲಿ ನಾಲ್ಕು ಕನ್ನಡಕಗಳಿದ್ದವು.

“ಇಲ್ಲೂ ಅಂಗಡಿ ತೆಗೆದ್ಯಾ?” ಎಂದಳು.

“ನಿನಗೆ ನೋವಾಯ್ತಾ?”

“ಆಯ್ತು. ಆ ಕೆಂಪು ಫ್ರೇಮಿನದು ಬೇಗ ಮುಗಿಸು, ಆಕೆ ಕಾಯ್ತಿದ್ದಾರೆ.”

ವರದಿಗೆ ಒಂಬತ್ತು ದಿನ. ಅವಳಿಗೆ ರಜೆ ಕೊಟ್ಟಿದ್ದರು. ಮೂರನೇ ದಿನ ಅವಳು ಅಡುಗೆಮನೆಯಲ್ಲಿ ನನ್ನ ಎದುರು ಕೂತು ಬೀನ್ಸು ಬಿಡಿಸುತ್ತಿದ್ದಾಗ ನಾನು ಹೇಳಬೇಕಾದ್ದನ್ನು ಹೇಳಿದೆ.

“ನಿನ್ನ ಕ್ಲಿಪ್ಪು ಬೆಳ್ಳಗಿರೋದು ನಾನು ಎರಡು ವರ್ಷದಿಂದ ನೋಡ್ತಿದ್ದೆ. ಅದು ನಿನ್ನ ಒಳ್ಳೆತನ ಅಂದ್ಕೊಂಡೆ. ಕೇಳಬೇಕಿತ್ತು.”

“ಕಾರಣ ಕೇಳಬಾರದು ಅಂತ ನಿಯಮ ಮಾಡಿದೋಳೇ ನೀನು.”

“ಕ್ಲಿಪ್ಪು ಏರಿಸಿದೋರನ್ನ ಕೇಳಬಾರದು ಅಂತ. ಏರಿಸದೇ ಇದ್ದೋರನ್ನ ಕೇಳಬಾರದು ಅಂತ ನಾನು ಹೇಳಿರಲಿಲ್ಲ.”

ಅವಳು ಒಂದು ಕಾಯಿಯ ನಾರು ನಿಧಾನವಾಗಿ ಎಳೆದಳು. “ದೊಡ್ಡಮ್ಮ, ಕ್ಲಿಪ್ಪು ನಿನ್ನದು, ಹೊಟ್ಟೆ ನನ್ನದು. ನಾನೇ ಕೇಳ್ಕೊಳ್ಳಲಿಲ್ಲ. ಎಲ್ಲರೂ ಹೊಗಳ್ತಿದ್ರಲ್ಲ, ಅದು ಚೆನ್ನಾಗಿತ್ತು. ಮಗು ಯಾಕಾಗಿಲ್ಲ ಅಂತ ಕೇಳೋ ಬದಲು ಫ್ಲಾಸ್ಕು ಕೊಟ್ರು.” ಆ ನಾರನ್ನು ತಟ್ಟೆಯ ಅಂಚಿಗೆ ಹಾಕಿ, “ತೆಗೀಬೇಕು ಅಂದ್ರೆ ಏನು ಮಾಡ್ಲಿ?” ಎಂದು ಕೇಳಿದಳು.

ನನ್ನ ಪಾಲಿನ ಬೀನ್ಸನ್ನೂ ಅವಳ ತಟ್ಟೆಗೆ ಸರಿಸಿದೆ, ಕೈಗೆ ಕೆಲಸವಿರಲಿ ಎಂದು. ಅವಳಿಗೆ ಅದು ಗೊತ್ತಾಯಿತು. “ಸೋಮಾರಿ,” ಎಂದು ಬಿಡಿಸತೊಡಗಿದಳು.

ವರದಿ ಬಂತು. ಪದರ ಅತಿಯಾಗಿ ಬೆಳೆದಿದೆ, ಆದರೆ ಜೀವಕೋಶಗಳ ರೂಪ ಕೆಟ್ಟಿಲ್ಲ. ಅಳಿಯ ಆ ಸಾಲನ್ನು ಮೂರು ಸಲ ಓದಿಸಿದ. ಡಾಕ್ಟರು ಅಷ್ಟಕ್ಕೇ ಬಿಡಲಿಲ್ಲ. ಆರು ತಿಂಗಳು ಬಿಡದೆ ಹಾರ್ಮೋನಿನ ಮಾತ್ರೆ, ಪದರವನ್ನು ತೆಳ್ಳಗೆ ಮಾಡಲು. ಜೊತೆಗೆ ಇನ್ಸುಲಿನ್ನಿನ ಗಲಾಟೆ ತಗ್ಗಿಸಲು ಮೆಟ್‌ಫಾರ್ಮಿನ್, ದಿನಾ ಮುಕ್ಕಾಲು ಗಂಟೆ ನಡಿಗೆ, ಸಿಹಿ ಪಾನೀಯ ಬಂದ್. ಆರು ತಿಂಗಳಾದ ಮೇಲೆ ಇನ್ನೊಂದು ಚೂರು ತೆಗೆದು ನೋಡುವುದು.

“ಆಗಲೂ ಹೀಗೇ ಇದ್ರೆ?” ಎಂದು ಕೇಳಿದಳು.

“ಮಾತ್ರೆ ಇನ್ನೊಂದಷ್ಟು ದಿನ. ಕೆಟ್ಟಿದ್ರೆ ಬೇರೆ ಮಾತು. ಆ ಮಾತನ್ನ ಆವತ್ತು ಆಡೋಣ.”

ಅವಳು ಕೆಲಸಕ್ಕೆ ವಾಪಸು ಹೋದಳು. ಮೆಟ್‌ಫಾರ್ಮಿನ್ ಶುರುವಿನ ವಾರಗಳಲ್ಲಿ ಕೆಲವರ ಹೊಟ್ಟೆ ಕೆಡಿಸುತ್ತದೆ. ಅವಳದನ್ನು ಚೆನ್ನಾಗಿಯೇ ಕೆಡಿಸಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಇಪ್ಪತ್ತೇಳನೇ ಕ್ಲಿಪ್ಪು ಹಲಗೆ ಏರಿತು. ಹಾರ್ನಕ್ಕ ಅದನ್ನು ನೋಡಿ ಓಡಿ ಬಂದು ಅವಳನ್ನು ತಬ್ಬಿಕೊಂಡಳಂತೆ.

“ಬಂತೇನೇ?”

“ಬಂತು. ಆದರೆ ಅದಲ್ಲ, ಬೇರೆ ಬಾಗಿಲಿಂದ.”

ಆ ದಿನ ಸಂಜೆಯ ಹೊತ್ತಿಗೆ ಇಡೀ ಡಿಪೋಗೆ ಸುದ್ದಿ ಗೊತ್ತಾಗಿತ್ತು, ಹೇಳಿದ್ದು ಹಾರ್ನಕ್ಕ ಪಿಸುಮಾತಿನಲ್ಲಿ. ಮರಿ ಒಂದು ವಾರ ಆಕೆಯ ಜೊತೆ ಮಾತು ಬಿಟ್ಟಳು. ಹಾರ್ನಕ್ಕ ಅದನ್ನು ಗಮನಿಸಲೇ ಇಲ್ಲ. ಪಾಳಿ ಮುಗಿದ ಮೇಲೆ ಅವಳ ಜೊತೆ ನಡೆಯಲು ತಾನೂ ಹೊರಟಳು, ಮುಕ್ಕಾಲು ಗಂಟೆಯೂ ಒಬ್ಬಳೇ ಮಾತಾಡಿದಳು. ಎಂಟನೇ ದಿನ ಮರಿ ಸೋತು ಒಂದು ಪ್ರಶ್ನೆಗೆ ಉತ್ತರ ಕೊಟ್ಟಳು. ಗೇಟ್ ತಾತ ಅವಳ ಗಾಡಿಯ ಹಾರ್ನಿಗೆ ಕಾಯುವುದನ್ನು ಬಿಟ್ಟು, ಅವಳು ಬರುವ ಹೊತ್ತಿಗೆ ಗೇಟು ತೆಗೆದೇ ಇಟ್ಟು ನಿಲ್ಲತೊಡಗಿದ. ಯಾರೋ ಅವನಿಗೆ ಅವನ ಉದಾಹರಣೆಯನ್ನು ಹೇಳಿರಬೇಕು.

ಆರು ತಿಂಗಳೆಂದರೆ ಒಂದೇ ಸಮನೆ ಇರುವುದಿಲ್ಲ. ಮಾತ್ರೆಯಿಂದ ಮನಸ್ಸು ಕುಗ್ಗುತ್ತದೆ ಎಂದು ಒಮ್ಮೆ ಎರಡು ದಿನ ನುಂಗದೆ ಬಿಟ್ಟಳು. ಅಳಿಯ ಬೈಯಲಿಲ್ಲ, ಮಾತ್ರೆಯ ಪಟ್ಟಿಯನ್ನು ತನ್ನ ಕನ್ನಡಕದ ಡಬ್ಬಿಯಲ್ಲಿ ಹಾಕಿಕೊಂಡು ದಿನಾ ಬೆಳಿಗ್ಗೆ ನೀರಿನ ಲೋಟದ ಜೊತೆ ಅವಳ ಮುಂದೆ ಹಿಡಿದ. ತೂಕ ನಾಲ್ಕು ಕಿಲೋ ಇಳಿಯಿತು, ಹತ್ತು ಇಳಿಯುತ್ತದೆಂದು ಅವಳು ಎಣಿಸಿದ್ದಳು. ಕುತ್ತಿಗೆಯ ಕಪ್ಪು ಸ್ವಲ್ಪ ತಿಳಿಯಾಯಿತು ಎಂದು ಅವನು ಹೇಳಿದರೆ, “ಗಾಜು ಉಜ್ಜೋನ ಕಣ್ಣು, ಇಲ್ಲದ್ದೂ ಕಾಣುತ್ತೆ,” ಎನ್ನುತ್ತಿದ್ದಳು. ಆದರೆ ಕನ್ನಡಿಗೆ ಬೆನ್ನು ಮಾಡಿ ಇನ್ನೊಂದು ಕನ್ನಡಿ ಹಿಡಿದು ನೋಡಿಕೊಳ್ಳುವುದನ್ನು ನಾನು ಕಂಡಿದ್ದೇನೆ.

ಎರಡನೇ ಚೂರು ತೆಗೆದ ದಿನ ಅವಳು ಮಧ್ಯಾಹ್ನವೇ ಕೆಲಸಕ್ಕೆ ಹೋದಳು. ಮನೆಯಲ್ಲಿ ಕೂತರೆ ತಲೆ ಕೆಡುತ್ತದೆ ಎಂದಳು. ಆ ಸಲದ ವರದಿ ಹನ್ನೊಂದು ದಿನ ತಡೆಯಿತು. ಹನ್ನೊಂದು ದಿನವೂ ಅವಳು ಸುತ್ತಿನಲ್ಲೇ ಇದ್ದಳು. ಅವಳು ಕ್ಲಿಪ್ಪು ಏರಿಸಿರಲಿಲ್ಲ. ಈಗಿನ ಪಾಳಿ ಗುಮಾಸ್ತ, ನಾನೇ ಕೆಲಸ ಕಲಿಸಿದವನು, ಫೋನು ಹತ್ತಿರವಿರಲಿ ಎಂದು ತಾನಾಗಿ ಹಾಗೆ ಬರೆದಿದ್ದ. ಕೇಳಿದರೆ, “ಹಲಗೆ ಮೇಲೆ ಪಾಳಿ ಹಾಗೇ ಬಂತು ಅಮ್ಮ,” ಎಂದ.

ಡಾಕ್ಟರು ಫೋನು ಮಾಡಿದಾಗ ಅವಳು ವಿಶ್ರಾಂತಿ ಕೋಣೆಯಲ್ಲಿ ಚಹಾ ಕುಡಿಯುತ್ತಿದ್ದಳು. ಅಂದು ನಾನು ಪುಸ್ತಕ ಬದಲಾಯಿಸುವ ದಿನ, ಕಪಾಟಿನ ಮುಂದೆ ನಿಂತಿದ್ದೆ. ಅವಳು “ಹೂಂ” ಎಂದಳು, ಇನ್ನೊಮ್ಮೆ “ಹೂಂ” ಎಂದಳು. “ಬರೆದುಕೊಳ್ತೀನಿ, ಇರಿ” ಎಂದು ನನ್ನ ಕೈಯಿಂದ ಪುಸ್ತಕದ ಪಟ್ಟಿ ಕಿತ್ತುಕೊಂಡು ಅದರ ಹಿಂದೆ ಬರೆದಳು. ಆ ಕಾಗದ ನನ್ನ ಬಳಿ ಇದೆ. ಪದರ ಸಾಮಾನ್ಯ. ಮಾತ್ರೆ ನಿಲ್ಲಿಸಿ. ಕೆಲವು ದಿನದಲ್ಲಿ ಸ್ರಾವವಾಗುತ್ತದೆ, ಹೆದರಬೇಡಿ. ಮೆಟ್‌ಫಾರ್ಮಿನ್, ನಡಿಗೆ ಬಿಡಬೇಡಿ. ಇನ್ನು ಮೇಲೆ ಮೂರು ತಿಂಗಳಿಗಿಂತ ಹೆಚ್ಚು ಮುಟ್ಟಿಲ್ಲದೆ ಇರಬಾರದು. ಮಗು ಬೇಕಿದ್ದರೆ ಬನ್ನಿ, ಅಂಡ ಬಲಿಯಲು ಔಷಧಿ ಇದೆ, ಪ್ರಯತ್ನಿಸಬಹುದು. ‘ಪ್ರಯತ್ನಿಸಬಹುದು’ ಎಂಬುದರ ಕೆಳಗೆ ಗೆರೆ ಎಳೆದಿದ್ದಾಳೆ. ಡಾಕ್ಟರು ಎಳೆಸಿದ್ದೋ, ಅವಳೇ ಎಳೆದದ್ದೋ, ನಾನು ಕೇಳಿಲ್ಲ.

ಫೋನು ಕೆಳಗಿಟ್ಟು ಅವಳು ಚಹಾ ಮುಗಿಸಿದಳು. ಮೊದಲು ಅಳಿಯನಿಗೆ ಫೋನು ಮಾಡಿದಳು. ಬರೆದುಕೊಂಡದ್ದನ್ನೆಲ್ಲ ಓದಿ ಹೇಳಿದಳು. “ಅಲ್ಲೇ ಇದ್ದೀಯಾ?” ಎಂದಳು. “ಮೂಗು ಒರೆಸ್ಕೊಂಡು ಗಾಜು ಮುಟ್ಟು, ಗಿರಾಕಿಗೆ ಮಂಜಾಗಿ ಕಾಣುತ್ತೆ.”

ಐದನೇ ದಿನ ಬೆಳಿಗ್ಗೆ ಅವಳು ಮೆಟ್ಟಿಲಿಳಿದು ಬಂದು, “ದೊಡ್ಡಮ್ಮ, ಬಂದಿದೆ. ಹೊಟ್ಟೆ ನೋವು ಬೇರೆ. ನೀವೆಲ್ಲ ಪ್ರತಿ ತಿಂಗಳೂ ಇದನ್ನ ಹೇಗೆ ತಡ್ಕೊಂಡ್ರಿ?” ಎಂದು ಗೊಣಗಿದಳು. ಅಂದು ಅವಳಿಗೆ ಉದ್ದ ಬರೆದಿತ್ತು. ಕ್ಲಿಪ್ಪು ಏರಿಸುತ್ತೀಯಾ ಎಂದು ಕೇಳಿದೆ. ಮಾತ್ರೆ ನುಂಗಿ ಹೋಗಿಬಿಡುತ್ತೇನೆ, ಬೇರೆಯವರಿಗೆ ಯಾಕೆ ತೊಂದರೆ ಎಂದಳು. ಬಾಗಿಲವರೆಗೆ ಹೋದವಳು ತಿರುಗಿ ನನ್ನ ಮುಖ ನೋಡಿ, “ಸರಿ, ಏರಿಸ್ತೀನಿ, ಹಾಗೆ ನೋಡಬೇಡ,” ಎಂದಳು.

ಹಲಗೆಯ ಮೇಲೆ ಅವಳ ಕ್ಲಿಪ್ಪಿನ ಪಕ್ಕ ಒಂದು ಸಂಖ್ಯೆ ಇದ್ದರೆ ಸಾಕು. ಅಂದು ಆರು ಇದ್ದವಂತೆ. ಮೂತ್ರಕೋಶದ ಕಲ್ಲಿನ ಆ ಹಿರಿಯರ ಮಗನೂ ಈಗ ಅಲ್ಲೇ ಡ್ರೈವರ್, ಅವನ ಸಂಖ್ಯೆಯೂ ಇತ್ತು. ಯಾರು ಹೋಗುವುದೆಂದು ಜಗಳವಾಗಿ ಉದ್ದದ ಗಾಡಿ ಏಳು ನಿಮಿಷ ತಡವಾಯಿತು, ಗುಮಾಸ್ತ ಎಲ್ಲರಿಗೂ ಬೈದ. ಕೊನೆಗೆ ಹಾರ್ನಕ್ಕನೇ ಹೋದಳು, ಜಗಳದಲ್ಲಿ ಆಕೆಯನ್ನು ಗೆಲ್ಲುವವರಿಲ್ಲ.

ಈಗ ಹಾರ್ನಕ್ಕ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಾಳೆ. ತಿಂಗಳಿಗೊಮ್ಮೆ ದಾರದ ಉದ್ದಕ್ಕೂ ನಡೆದು ಬೆಳ್ಳಗಿರುವ ಕ್ಲಿಪ್ಪು ಯಾರದೆಂದು ನೋಡುತ್ತಾಳೆ. ಹೊಸದಾಗಿ ಸೇರಿದ ಒಬ್ಬ ಹುಡುಗಿಯನ್ನು ಮೂಲೆಗೆ ಕರೆದು ವಿಚಾರಿಸಿದಳಂತೆ. ಆ ಹುಡುಗಿ, “ಅಕ್ಕಾ, ನಾನು ಸೇರಿ ಹತ್ತು ದಿನ ಆಯ್ತು,” ಎಂದಳಂತೆ.

ಹೋದ ವಾರ ಪುಸ್ತಕಗಳೊಂದಿಗೆ ಡಿಪೋಗೆ ಹೋಗಿದ್ದೆ. ಮರಿ ಸುತ್ತಿಗೆ ಹೋಗಿದ್ದಳು, ಕ್ಲಿಪ್ಪು ಹಲಗೆಯ ಮೇಲಿತ್ತು. ಈ ಸಲದ ಮುಟ್ಟು ಮಾತ್ರೆ ನಿಲ್ಲಿಸಿ ಬರಿಸಿದ್ದಲ್ಲ, ನಲವತ್ತೊಂದು ದಿನಕ್ಕೆ ತಾನಾಗಿ ಬಂದದ್ದು. ಮುಂದಿನ ತಿಂಗಳು ಅವರಿಬ್ಬರೂ ಡಾಕ್ಟರ ಬಳಿ ಹೋಗುವವರಿದ್ದಾರೆ. ಕನ್ನಡಕ ಹಾಕಿಕೊಂಡು ಹತ್ತಿರ ಹೋಗಿ ನೋಡಿದೆ. ಕ್ಲಿಪ್ಪಿನ ಎರಡು ತುದಿಗಳಲ್ಲಿ, ಹೆಬ್ಬೆರಳು ಒತ್ತುವ ಕಡೆ, ಮರ ಸ್ವಲ್ಪ ಕಪ್ಪಾಗಿತ್ತು.